ಪ್ಯಾಕೆಟ್ ಮೊಸರಿನ ಕತ್ತರಿ

ಗುಂಪು: ಹೆಗಡೆ ಮನೆ ಬಳಗ, ಶಿರಸಿ

ಸುಬ್ರಾಯ ದೊಡ್ಡಪ್ಪ (ಫಾರ್ವರ್ಡ್): ಎಚ್ಚರ!! ಪ್ಯಾಕೆಟ್ ಮೊಸರಿನ ಬ್ಯಾಕ್ಟೀರಿಯಾದಲ್ಲಿ ಡಿಎನ್ಎ ಕತ್ತರಿಸುವ ಕ್ರಿಸ್ಪರ್ ಕತ್ತರಿ! ತಿಂದವರ ವಂಶವೇ ಬದಲು! ಕಂಪನಿಗಳು ಮುಚ್ಚಿಟ್ಟ ಸತ್ಯ. 10 ಜನರಿಗೆ ಕಳಿಸಿ 🙏

ಸುಬ್ರಾಯ ದೊಡ್ಡಪ್ಪ: ಮನೆ ಆಕಳ ಹಾಲು ಬಿಟ್ಟು ಪೇಟೆದು ತಂದ್ರೆ ಹೀಂಗೇ ಆಗ್ತು.

ಮಂಜಕ್ಕ: ನಮ್ಮನೆ ಮುಂಜಿ ಮಜ್ಜಿಗೆ ಬಗ್ಗೆ ಅಲ್ದಾ ಇದು? ನೇರ ಹೇಳಿ ದೊಡ್ಡಪ್ಪ.

ಶ್ರೀಪಾದ: ಮೂಲ ಎಲ್ಲಿದ್ದು? ಯಾರು ಬರೆದದ್ದು, ಯಾವಾಗ?

ಸುಬ್ರಾಯ ದೊಡ್ಡಪ್ಪ: ನಿಂಗೆ ಎಲ್ಲದಕ್ಕೂ ಮೂಲ ಬೇಕು. ತೋಟದ ಪಾಲಿನ ಕಾಗದ ಕೇಳಿದ್ರೆ ಮಾತ್ರ ಸಿಕ್ತಿಲ್ಲೆ.

ವಿನಯಾ: ಕತ್ತರಿ ಇರೋದು ನಿಜ, ವಂಶ ಬದಲಾಗೋದು ಸುಳ್ಳು. ಮೊಸರು ಮಾಡೋ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಬ್ಯಾಕ್ಟೀರಿಯಾಕ್ಕೆ ಅದು ಹುಟ್ಟಿನಿಂದ ಬಂದದ್ದು, ಕಂಪನಿ ತುಂಬಿದ್ದಲ್ಲ. ಮನೆ ಹೆಪ್ಪಿನಲ್ಲೂ ಇರಬಹುದು. ಅದರ ಶತ್ರು ಫೇಜ್ ಅನ್ನೋ ವೈರಸ್. ಫೇಜ್ ಬಿದ್ದರೆ ಬ್ಯಾಕ್ಟೀರಿಯಾ ಒಡೆದು ಸಾಯ್ತದೆ, ಹುಳಿ ಏರೋದಿಲ್ಲ, ಹಾಲು ಹಾಲಾಗೇ ಉಳೀತದೆ. 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸಿದರೂ ಕೆಲವು ಫೇಜ್ ಸಾಯಲ್ಲ. ಅದಕ್ಕೇ ಡೈರಿಯವರು ಹೆಪ್ಪಿನ ತಳಿಯನ್ನ ಸರದಿ ಮೇಲೆ ಬದಲಿಸೋದು.

ಮಂಜಕ್ಕ: ಮಳೆಗಾಲದಲ್ಲಿ ನಮ್ಮನೆ ಹೆಪ್ಪು ಕೂರದಿದ್ದದ್ದೂ ಇದೇ ವೈರಸ್ಸಾ?

ವಿನಯಾ: ಅದು ಹೆಚ್ಚಾಗಿ ಚಳಿ ಅಕ್ಕ. ಈ ಬ್ಯಾಕ್ಟೀರಿಯಾಕ್ಕೆ 42 ಡಿಗ್ರಿ ಹತ್ತಿರದ ಬಿಸಿ ಬೇಕು. ಒಲೆ ಕಟ್ಟೆ ಮೇಲೆ ಇಡು.

ವಿನಯಾ: ಕತ್ತರಿ ಕೆಲಸ ಹೀಗೆ. ಹೊಸ ಫೇಜ್ ನುಗ್ಗಿದಾಗ ಬಹುಪಾಲು ಬ್ಯಾಕ್ಟೀರಿಯಾ ಸಾಯ್ತವೆ. ಬದುಕುಳಿದ ಕೆಲವು, ಫೇಜ್ ಡಿಎನ್ಎಯ ಸುಮಾರು 30 ಅಕ್ಷರದ (ಎ, ಜಿ, ಸಿ, ಟಿ ಅನ್ನೋ ಡಿಎನ್ಎ ಅಕ್ಷರ) ತುಂಡನ್ನ ತಮ್ಮ ಡಿಎನ್ಎಯಲ್ಲೇ ಸೇರಿಸ್ಕೊಂಡಿರ್ತವೆ. ಹೊಲಿಯೋದು ಕ್ಯಾಸ್1, ಕ್ಯಾಸ್2 ಪ್ರೋಟೀನು. ಪ್ರತಿ ಎರಡು ತುಂಡಿನ ನಡುವೆ 36 ಅಕ್ಷರದ ಅದೇ ಸಾಲು ಮತ್ತೆ ಮತ್ತೆ ಬರ್ತದೆ. ಈ ತುಂಡು, ಸಾಲುಗಳ ಪಟ್ಟಿಗೇ ಕ್ರಿಸ್ಪರ್ ಅನ್ನೋದು. ಹೊಸ ತುಂಡು ಸಾಮಾನ್ಯವಾಗಿ ಪಟ್ಟಿಯ ತಲೆಗೇ ಕೂರ್ತದೆ. ಪಟ್ಟಿ ಆರ್‌ಎನ್‌ಎ ಆಗಿ ನಕಲಾಗಿ, ತುಂಡುತುಂಡಾಗಿ, ಒಂದೊಂದೂ ಕ್ಯಾಸ್9 ಕತ್ತರಿಗೆ ದಾರಿ ತೋರಿಸ್ತದೆ.

ಶ್ರೀಪಾದ: ತಡಿ. ಅದೇ ಅಕ್ಷರ ತನ್ನ ಪಟ್ಟಿಯಲ್ಲೂ ಇದ್ದಲ. ತನ್ನನ್ನೇ ಕತ್ತರಿಸ್ಕಳದಿಲ್ಯಾ?

ಗೋಕರ್ಣದ ಮಾವ: ಕತ್ತರಿ ಬಿಡಿ. ಸಾಣಿಕಟ್ಟಾ ಉಪ್ಪಿನ ಆಗರದ ಬದುವಿನ ಮೇಲೆ ಸಾಲಾಗಿ ಹೋಗಿ ಸುಬ್ರಾಯ ಉಪ್ಪುನೀರಿಗೆ ಬಿದ್ದಿದ್ದು ಯಾರಿಗೆ ನೆನಪಿದ್ದು? 😂

ಸುಬ್ರಾಯ ದೊಡ್ಡಪ್ಪ: ಬಿದ್ದಿದ್ದಲ್ಲ, ನೂಕಿದ್ದು.

ವಿನಯಾ: ಶ್ರೀಪಾದಣ್ಣ, ಕತ್ತರಿ ಮೊದಲು ಹುಡುಕೋದು ತುಂಡನ್ನಲ್ಲ, ಪಕ್ಕದ ಪ್ಯಾಮ್ ಅನ್ನೋ ಗುರುತನ್ನ. ಈ ಬ್ಯಾಕ್ಟೀರಿಯಾದ ಒಂದು ಕತ್ತರಿಗೆ ಆ ಗುರುತಲ್ಲಿ ಎ-ಜಿ-ಎ-ಎ ಬೇಕು. ಸ್ವಂತ ಪಟ್ಟಿಯಲ್ಲಿ ತುಂಡಿನ ಪಕ್ಕ ಇರೋದು ಆ 36 ಅಕ್ಷರದ ಸಾಲು, ಪ್ಯಾಮ್ ಅಲ್ಲ. ಹಾಗಾಗಿ ಕತ್ತರಿ ಅಲ್ಲಿ ನಿಲ್ಲೋದೇ ಇಲ್ಲ. ಫೇಜ್‌ನಲ್ಲಿ ಗುರುತೂ ಸಿಕ್ಕಿ ತುಂಡೂ ಹೊಂದಿದ್ರೆ, ಗುರುತಿನಿಂದ 3 ಅಕ್ಷರ ಈಚೆಗೆ ಡಿಎನ್ಎಯ ಎರಡೂ ಎಳೆ ಕಟ್. ಫೇಜೂ ಪೆದ್ದಲ್ಲ. ಒಂದೇ ಅಕ್ಷರ ಬದಲಾಗಿ ತಪ್ಪಿಸ್ಕೊಂಡದ್ದುಂಟು. ಆಗ ಬ್ಯಾಕ್ಟೀರಿಯಾ ಮತ್ತೊಂದು ತುಂಡು ಹಿಡೀಬೇಕು.

ವಿನಯಾ: ಮೂಲ ಬೇಕಂದ್ಯಲ್ಲ: 2007, ಸೈನ್ಸ್ ಪತ್ರಿಕೆ, ಬಾರಂಗೂ ಮತ್ತು ಹೊರ್ವಾತ್ ತಂಡ. ಹೆಪ್ಪಿನ ತಳಿ ಮಾರೋ ಡ್ಯಾನಿಸ್ಕೊ ಕಂಪನಿಯವರೇ ಬರೆದದ್ದು. ಎಂತ ಮುಚ್ಚಿಟ್ಟಾಂಗಾತು?

ಗೋಕರ್ಣದ ಮಾವ: ಆಗರದ ವಿಷಯ ಯಾರೂ ಮಾತಾಡ್ತಿಲ್ಲೆ.

ವಿನಯಾ: ಮಾವ, ಈ ಕಥೆಯಲ್ಲೂ ಆಗರ ಇದೆ! ಸ್ಪೇನಿನ ಸಾಂತಾ ಪೋಲಾದ ಉಪ್ಪಿನ ಆಗರದಿಂದ ಬಂದ ಸೂಕ್ಷ್ಮಜೀವಿಯಲ್ಲಿ ಮೊಹಿಕಾ ಅನ್ನೋರು 1993ರಲ್ಲಿ ಇಂಥ ಮರುಕಳಿಸೋ ಸಾಲು ಕಂಡರು. ಅದಕ್ಕೂ ಮೊದಲು, 1987ರಲ್ಲಿ, ಜಪಾನಿನವರು ಇ. ಕೋಲಿ ಅನ್ನೋ ಕರುಳಿನ ಬ್ಯಾಕ್ಟೀರಿಯಾದಲ್ಲಿ ನೋಡಿದ್ದರು, ಎಂತಕ್ಕೆ ಇದೆ ಅಂತ ತಿಳೀಲಿಲ್ಲ. ನಡುವಿನ ತುಂಡು ವೈರಸ್ಸಿಂದು ಅಂತ ಮೊಹಿಕಾ ಪ್ರಕಟಿಸಿದ್ದು 2005ರಲ್ಲಿ.

ಗೋಕರ್ಣದ ಮಾವ: ಹೇಳಿದ್ನಲ್ಲ! ಆಗರ ಅಂದ್ರೆ ಆಗರ.

ಸುಬ್ರಾಯ ದೊಡ್ಡಪ್ಪ: ಅದೆಲ್ಲ ಸರಿ. ಹೊಟ್ಟೆಗೆ ಹೋದಮೇಲೆ?

ವಿನಯಾ: ಕ್ಯಾಸ್9 ಬರೀ ಪ್ರೋಟೀನ್ ದೊಡ್ಡಪ್ಪ, ಬೇಳೆ ಜೀರ್ಣ ಆದಂಗೆ ಆಗ್ತದೆ. ಅದರ ಪಟ್ಟಿಯಲ್ಲಿ ಇರೋದೂ ಫೇಜಿನ ಗುರುತು, ನಮ್ದಲ್ಲ. ಕುಡಗೋಲು ಕೋಶ ರಕ್ತಹೀನತೆಗೆ 2023ರಲ್ಲಿ ಬ್ರಿಟನ್ ಒಪ್ಪಿದ ಚಿಕಿತ್ಸೆಯಲ್ಲಿ ರೋಗಿಯ ರಕ್ತದ ಮೂಲಕೋಶ ಹೊರಗೆ ತೆಗೆದು, ವಿದ್ಯುತ್ ಕೊಟ್ಟು ಕತ್ತರಿ ಒಳಗೆ ತೂರಿಸಿ, ವಾಪಸ್ ಹಾಕ್ತಾರೆ. ಅಷ್ಟು ಕಷ್ಟ ಅದು. ತಂಬ್ಳಿ ಉಂಡು ಆಗೋದಾಗಿದ್ರೆ ಆಸ್ಪತ್ರೆ ಎಂತಕ್ಕೆ?

ಮಂಜಕ್ಕ: ಹಾಂಗಾರೆ ನಮ್ಮನೆ ಮಜ್ಜಿಗೆ ಬಗ್ಗೆ ಊರೆಲ್ಲ ಹೇಳಿದ್ದು?

ಸುಬ್ರಾಯ ದೊಡ್ಡಪ್ಪ: ನಾ ಹೇಳಿದ್ದು ಹುಳಿ ಇತ್ತು ಹೇಳಿ. ಅಷ್ಟೇಯ.

ವಿನಯಾ: ಹುಳಿ ಇತ್ತಂದ್ರೆ ಫೇಜ್ ಬಿದ್ದಿರಲಿಲ್ಲ ದೊಡ್ಡಪ್ಪ.