ಪಿಆರ್‌ಗೆ 730 ದಿನ, ಓಹಿಪ್‌ಗೆ 153 ದಿನ: ಒಂದೂವರೆ ವರ್ಷ ಕೆನಡಾದಿಂದ ಹೊರಗಿರಬೇಕಾದರೆ ಏನು ಮಾಡಬೇಕು?

ಹೊಂಗೆನೆರಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಪತ್ನಿ ಮತ್ತು ಆರು ವರ್ಷದ ಮಗಳು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಪಿಆರ್ (ಕಾಯಂ ವಾಸದ ಹಕ್ಕು) ಮೇಲೆ ವಾಸವಾಗಿದ್ದೇವೆ. 2022ರ ಮೇ ತಿಂಗಳಲ್ಲಿ ಮೊದಲ ಸಲ ಬಂದಿಳಿದೆವಾದರೂ ಹಳೆಯ ಕೆಲಸದ ಕರಾರು ಮುಗಿದಿರಲಿಲ್ಲವಾದ್ದರಿಂದ ಒಂದು ತಿಂಗಳಿಗೇ ಮರಳಿ ಹೋಗಿ, 2023ರ ಜುಲೈ ಆರಂಭದಲ್ಲಿ ಇಲ್ಲಿ ನೆಲೆಸಿದೆವು. 2025ರ ಈ ಏಪ್ರಿಲ್ ಮುಗಿಯುವ ಹೊತ್ತಿಗೆ ನಾವು ಕೆನಡಾದಲ್ಲಿ ಕಳೆದ ದಿನಗಳು ಸುಮಾರು 700 ಆಗುತ್ತವೆ.

ಊರಿನಲ್ಲಿರುವ ನನ್ನ ತಂದೆಯವರಿಗೆ ಕಳೆದ ತಿಂಗಳು ಪಾರ್ಶ್ವವಾಯು ಆಗಿ ಬಲಭಾಗ ಸ್ವಾಧೀನದಲ್ಲಿಲ್ಲ. ಸದ್ಯಕ್ಕೆ ತಮ್ಮ ನೋಡಿಕೊಳ್ಳುತ್ತಿದ್ದಾನೆ. ಆದರೆ ಆ ಭಾರವನ್ನು ಅವನೊಬ್ಬನ ಹೆಗಲಿಗೆ ಬಿಟ್ಟಿರಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಮೇ ತಿಂಗಳಲ್ಲೇ ಮೂವರೂ ಹೊರಟು ಸುಮಾರು ಒಂದೂವರೆ ವರ್ಷ ಅಲ್ಲಿದ್ದು ಬರುವ ಯೋಚನೆಯಿದೆ. ಪತ್ನಿ ಈಗ ಆರು ತಿಂಗಳ ಗರ್ಭಿಣಿ, ಜುಲೈ ಕೊನೆಗೆ ಹೆರಿಗೆಯ ದಿನ ಕೊಟ್ಟಿದ್ದಾರೆ. ಹೆರಿಗೆ ಊರಿನಲ್ಲೇ ಆದರೆ ಅವಳ ತಾಯಿಯ ಆಸರೆಯೂ ಸಿಗುತ್ತದೆ. ಹೀಗೆ ಹೋದರೆ ನಮ್ಮ ಪಿಆರ್‌ಗೆ ತೊಂದರೆಯಾಗುತ್ತದೆಯೇ, ಓಹಿಪ್ (ಒಂಟಾರಿಯೊದ ಸರ್ಕಾರಿ ಆರೋಗ್ಯ ವಿಮೆ) ರದ್ದಾಗುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಮಂಜಿನಹಾದಿ

ತಂದೆಯವರು ಬೇಗ ಚೇತರಿಸಿಕೊಳ್ಳಲಿ ಎಂದು ಹಾರೈಸುತ್ತೇನೆ. ನಿಮ್ಮ ಪಿಆರ್ ಕಾರ್ಡಿನ ಅವಧಿ 2027ರವರೆಗೆ ಇರಬೇಕಲ್ಲವೇ? ಹಾಗಿದ್ದರೆ ಅಷ್ಟರೊಳಗೆ ಹಿಂದಿರುಗಿದರೆ ಸಾಕು, ಚಿಂತೆ ಮಾಡಬೇಡಿ. ನಮ್ಮ ಪರಿಚಯದವರೊಬ್ಬರು ಹೀಗೆಯೇ ಹೋಗಿ ಬಂದಿದ್ದಾರೆ.

ಉತ್ತರಾಯಣ

ಮಂಜಿನಹಾದಿಯವರ ಕಾಳಜಿ ಸರಿಯಾದದ್ದೇ, ಆದರೆ ಕಾರ್ಡಿನ ಅವಧಿಯೇ ಪಿಆರ್‌ನ ಅವಧಿ ಎಂದುಕೊಳ್ಳುವುದು ಬಹಳ ಜನ ಮಾಡುವ ತಪ್ಪು. ಕಾರ್ಡು ಮುಗಿದ ಮಾತ್ರಕ್ಕೆ ಪಿಆರ್ ಹೋಗುವುದಿಲ್ಲ. ಹಾಗೆಯೇ ಕಾರ್ಡು ಕೈಯಲ್ಲಿದೆ ಎಂಬುದರಿಂದ ಪಿಆರ್ ಭದ್ರವಾಗಿದೆ ಎಂದೂ ಆಗುವುದಿಲ್ಲ. ಕಾನೂನು ಕೇಳುವುದು ಪ್ರತಿ ಐದು ವರ್ಷದ ಅವಧಿಯಲ್ಲಿ ಕನಿಷ್ಠ 730 ದಿನಗಳ ವಾಸವನ್ನು, ಮತ್ತು ಆ ದಿನಗಳು ಒಂದೇ ಸಮನೆ ಇರಬೇಕಾಗಿಲ್ಲ.

ನಿಮ್ಮ ಲೆಕ್ಕ ನೋಡೋಣ. ಮೊದಲ ಐದು ವರ್ಷ 2027ರ ಮೇ ತಿಂಗಳಿಗೆ ತುಂಬುತ್ತದೆ. ಈ ಮೇ ತಿಂಗಳಲ್ಲೇ ಹೊರಟರೂ 2026ರ ನವೆಂಬರಿಗೆ ಹಿಂದಿರುಗುತ್ತೀರಿ, ಕೊರತೆಯಿರುವ 30 ದಿನಗಳನ್ನು ತುಂಬಿಸಿಕೊಳ್ಳಲು ಆರು ತಿಂಗಳ ಕಾಲಾವಕಾಶ ಉಳಿಯುತ್ತದೆ. ಕಾಗದದ ಮೇಲೆ ಇದು ಸರಿಹೋಗುತ್ತದೆ, ಆದರೆ ಕಾಯಿಲೆಯವರ ಆರೈಕೆಗೆಂದು ಹೋದವರು ಎಣಿಸಿದ ದಿನಕ್ಕೇ ಹಿಂದಿರುಗುವುದು ಅಪರೂಪ. ಅಲ್ಲಿ ಒಂದು ವೇಳೆ ತಡವಾಗಿ, ಅಷ್ಟರಲ್ಲಿ ಕಾರ್ಡೂ ಮುಗಿದುಹೋದರೆ, ವಿಮಾನ ಹತ್ತಲು ಪಿಆರ್ ಪ್ರಯಾಣ ದಾಖಲೆಗೆ ಅರ್ಜಿ ಹಾಕಬೇಕಾಗುತ್ತದೆ, ಆಗ ಅಧಿಕಾರಿಗಳು ಈ 730 ದಿನಗಳನ್ನೇ ಮೊದಲು ಎಣಿಸುತ್ತಾರೆ. ನಿರಾಕರಿಸಿದರೆ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು, ಮಾನವೀಯ ಕಾರಣಗಳನ್ನೂ ಮುಂದಿಡಬಹುದು. ಆದರೂ ಆ ಹಂತಕ್ಕೆ ಹೋಗದಿರುವುದೇ ಲೇಸು. ಇನ್ನೊಂದು ತಿಂಗಳು ಇಲ್ಲಿದ್ದು 730 ದಾಟಿಸಿಕೊಂಡು ಹೋದರೆ 2027ರ ಮೇವರೆಗೆ ಈ ಆತಂಕವೇ ಇರುವುದಿಲ್ಲ.

ಓಹಿಪ್‌ನ ಲೆಕ್ಕ ಇದಕ್ಕೆ ಸಂಬಂಧಪಟ್ಟದ್ದಲ್ಲ. ಅದು ಪ್ರಾಂತ್ಯದ್ದು; ಯಾವುದೇ 12 ತಿಂಗಳಲ್ಲಿ 153 ದಿನ ಒಂಟಾರಿಯೊದಲ್ಲೇ ಇರಬೇಕೆಂಬುದು ಅಲ್ಲಿನ ನಿಯಮ. ಒಂದೂವರೆ ವರ್ಷ ಹೊರಗಿದ್ದರೆ ಇದು ಸಹಜವಾಗಿಯೇ ತಪ್ಪುತ್ತದೆ. ಆದರೆ ಹೊರಡುವ ಮುನ್ನದ ಎರಡು ವರ್ಷಗಳಲ್ಲಿ ಪ್ರತಿ ವರ್ಷವೂ 153 ದಿನ ಇಲ್ಲಿದ್ದವರು ದೀರ್ಘ ಗೈರುಹಾಜರಿಗೆ ಅನುಮತಿ ಕೇಳಬಹುದು, ಕೆಲಸ, ಓದು ಬಿಟ್ಟು ಬೇರೆ ಕಾರಣಗಳಿಗೆ ಅದು ಎರಡು ವರ್ಷಗಳವರೆಗೆ ಸಿಗುತ್ತದೆ. ಹೊರಡುವ ಮುನ್ನವೇ ಪ್ರಾಂತ್ಯ ಸರ್ಕಾರದ ಸೇವಾ ಕೇಂದ್ರವಾದ ಸರ್ವಿಸ್ ಒಂಟಾರಿಯೊ ಕಚೇರಿಗೆ ಹೋಗಿ ತಿಳಿಸಿ. ಹಾಗೆಂದು ಹೊರದೇಶದಲ್ಲಿ ಓಹಿಪ್ ಕೈಹಿಡಿಯುತ್ತದೆಂದು ನಂಬಿ ಹೋಗಬೇಡಿ. ತುರ್ತು ಚಿಕಿತ್ಸೆಗೆ ಮಾತ್ರ, ಅದೂ ಒಳರೋಗಿಯಾಗಿದ್ದರೆ ದಿನಕ್ಕೆ ಹೆಚ್ಚೆಂದರೆ 400 ಡಾಲರ್, ಹೊರರೋಗಿಯಾದರೆ 50 ಡಾಲರ್ ಕೊಡುತ್ತಾರೆ.

ಕಾಡುಮಲ್ಲಿಗೆ

ಉತ್ತರಾಯಣ ಅವರು ದಿನಗಳ ಲೆಕ್ಕವನ್ನು ಸರಿಯಾಗಿ ಬಿಡಿಸಿದ್ದಾರೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ನಿಜವಾಗಿ ಗಾಬರಿ ಹುಟ್ಟಿಸಿದ್ದು ಹುಟ್ಟಲಿರುವ ಮಗುವಿನ ವಿಷಯ, ಅದನ್ನು ನೀವು ತಾಯಿಯ ಆಸರೆಯ ಮಾತಾಗಿ ಮಾತ್ರ ಹೇಳಿ ಮುಂದೆ ಹೋಗಿದ್ದೀರಿ.

ತಂದೆತಾಯಿ ಇಬ್ಬರೂ ಪಿಆರ್ ಆಗಿದ್ದರೂ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಪಿಆರ್ ತಾನಾಗಿಯೇ ಬರುವುದಿಲ್ಲ. ಮಗುವನ್ನು ಅವಲಂಬಿತ ಮಗುವೆಂದು ಸ್ಪಾನ್ಸರ್ ಮಾಡಬೇಕು (ಅಂದರೆ ಹೊಣೆ ಹೊತ್ತು ಅದರ ಪಿಆರ್‌ಗೆ ಅರ್ಜಿ ಹಾಕಬೇಕು), ಮತ್ತು ಹಾಗೆ ಮಾಡುವವರು ಪಿಆರ್ ಆಗಿದ್ದರೆ ಅವರು ಕೆನಡಾದಲ್ಲಿ ವಾಸವಾಗಿರಲೇಬೇಕು. ಹೊರಗಿದ್ದುಕೊಂಡು ಸ್ಪಾನ್ಸರ್ ಮಾಡುವ ಅವಕಾಶ ಪೌರರಿಗೆ ಮಾತ್ರ ಇದೆ. ಅಂದರೆ ಅರ್ಜಿ ಹಾಕಲು ನಿಮ್ಮಲ್ಲೊಬ್ಬರು ಹಸುಗೂಸನ್ನು ಬಿಟ್ಟು ಇಲ್ಲಿಗೆ ಬರಬೇಕಾಗುತ್ತದೆ. ಇಲ್ಲವೇ ಮಗುವಿಗೆ ಸಂದರ್ಶಕ ವೀಸಾ ಮಾಡಿಸಿ ಕರೆತರಬೇಕಾಗುತ್ತದೆ. ಸಂದರ್ಶಕರಿಗೆ ಓಹಿಪ್ ಇಲ್ಲ. ಮನೆಯಲ್ಲಿ ಮೂವರಿಗೆ ಆರೋಗ್ಯ ಕಾರ್ಡ್ ಇದ್ದು, ಎಲ್ಲರಿಗಿಂತ ಹೆಚ್ಚಾಗಿ ವೈದ್ಯರ ಬಳಿ ಹೋಗಬೇಕಾದ ಕೂಸಿಗೆ ಮಾತ್ರ ಪ್ರತಿ ಭೇಟಿಗೂ ಕೈಯಿಂದ ಹಣ ಕೊಡಬೇಕಾದ ಸ್ಥಿತಿಯನ್ನು ನನ್ನ ತಂಗಿಯ ಮನೆಯಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಆ ತಿಂಗಳುಗಳಲ್ಲಿ ಮಗುವಿಗೆ ಜ್ವರ ಬಂದರೆ ಅವಳು ಮೊದಲು ನೋಡುತ್ತಿದ್ದದ್ದು ಥರ್ಮಾಮೀಟರನ್ನಲ್ಲ, ಬ್ಯಾಂಕಿನ ಲೆಕ್ಕವನ್ನು.

ಹೆರಿಗೆ ಇಲ್ಲೇ ಆದರೆ ಮಗು ಹುಟ್ಟಿನಿಂದಲೇ ಕೆನಡಾದ ಪೌರ, ಓಹಿಪ್ ಹುಟ್ಟಿದ ದಿನದಿಂದಲೇ ಅನ್ವಯಿಸುತ್ತದೆ, ನಿಮ್ಮ ಪತ್ನಿಯ ಆಸ್ಪತ್ರೆಯ ಹೆರಿಗೆ ವೆಚ್ಚವೂ ಅದರಲ್ಲೇ ಸೇರುತ್ತದೆ. ಮಗುವಿನ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಸೆಪ್ಟೆಂಬರ್ ಹೊತ್ತಿಗೆ ಹೊರಟರೆ ನಿಮ್ಮ ದಿನಗಳೂ 800 ದಾಟಿರುತ್ತವೆ. ತಾಯಿಯ ಆಸರೆಯ ವಿಷಯಕ್ಕೆ, ಅವರ ತಾಯಿಯವರನ್ನೇ ಸಂದರ್ಶಕ ವೀಸಾದ ಮೇಲೆ ಕರೆಸಿಕೊಳ್ಳಲು ಇಂದೇ ಅರ್ಜಿ ಹಾಕಿ. ಅವರಿಗೆ ವೈದ್ಯಕೀಯ ವಿಮೆ ಮಾಡಿಸುವುದನ್ನು ಮರೆಯಬೇಡಿ.

ಉತ್ತರಾಯಣ

ಕಾಡುಮಲ್ಲಿಗೆಯವರೇ, ಮಗುವಿನ ವಿಷಯವನ್ನು ನಾನು ಗಮನಿಸದೇ ಹೋಗಿದ್ದೆ, ಧನ್ಯವಾದಗಳು. ಇನ್ನೊಂದು ತಿಂಗಳಿದ್ದರೆ ಸಾಕೆಂಬ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ಹೊಂಗೆನೆರಳು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಮಗುವಿಗೆ ಪಿಆರ್ ತಾನಾಗಿ ಬರುತ್ತದೆಂದೇ ನಾವಿಬ್ಬರೂ ನಂಬಿದ್ದೆವು. ಒಂದು ಮಾತು ಕೇಳಬೇಕು: ತಂದೆಯವರನ್ನೇ ಸೂಪರ್ ವೀಸಾದ (ತಂದೆತಾಯಿಯರಿಗೆ ಕೊಡುವ ದೀರ್ಘಾವಧಿಯ ಸಂದರ್ಶಕ ವೀಸಾ) ಮೇಲೆ ಇಲ್ಲಿಗೆ ಕರೆತರಬಹುದೇ?

ಕಾಡುಮಲ್ಲಿಗೆ

ವೀಸಾದ ದೃಷ್ಟಿಯಿಂದ ದಾರಿಯಿದೆ, ಒಮ್ಮೆ ಬಂದರೆ ಐದು ವರ್ಷಗಳವರೆಗೂ ಇರಬಹುದು. ಆದರೆ ಅದಕ್ಕೆ ಕನಿಷ್ಠ 1,00,000 ಡಾಲರ್ ಮೊತ್ತದ, ಒಂದು ವರ್ಷದ ವೈದ್ಯಕೀಯ ವಿಮೆ ಬೇಕು, ಜೊತೆಗೆ ವೈದ್ಯಕೀಯ ತಪಾಸಣೆಯೂ ಆಗಬೇಕು. ಮತ್ತು ಸೂಪರ್ ವೀಸಾದಲ್ಲಿರುವವರಿಗೆ ಓಹಿಪ್ ಸಿಗುವುದಿಲ್ಲ. ಮೊದಲೇ ಇದ್ದ ಕಾಯಿಲೆಯು ಕೆಲವು ತಿಂಗಳು ಏರುಪೇರಿಲ್ಲದೆ, ಔಷಧವೂ ಬದಲಾಗದೆ ಇದ್ದರೆ ಮಾತ್ರ ಅದರ ಖರ್ಚು ಕೊಡುವುದಾಗಿ ಅನೇಕ ವಿಮಾ ಪತ್ರಗಳಲ್ಲಿ ಷರತ್ತಿರುತ್ತದೆ. ನನ್ನ ಮಾವನವರ ರಕ್ತದೊತ್ತಡದ ಮಾತ್ರೆಯ ಪ್ರಮಾಣವನ್ನು ಪ್ರಯಾಣಕ್ಕೆ ಮೊದಲು ಬದಲಿಸಿದ್ದನ್ನೇ ಮುಂದಿಟ್ಟು ವಿಮಾ ಸಂಸ್ಥೆಯೊಂದು ಅವರ ಆಸ್ಪತ್ರೆಯ ಬಿಲ್ಲನ್ನು ನಿರಾಕರಿಸಿತು. ಪಾರ್ಶ್ವವಾಯುವಾಗಿ ಒಂದು ತಿಂಗಳಷ್ಟೇ ಆಗಿರುವವರನ್ನು ಈ ಷರತ್ತಿನ ಕೆಳಗೆ ತರುವುದು ನನಗೆ ಸರಿಕಾಣುವುದಿಲ್ಲ.

ಹೊಂಗೆನೆರಳು

ಅರ್ಥವಾಯಿತು. ಹೆರಿಗೆಯವರೆಗೆ ಇಲ್ಲೇ ಇರಲು ನಿರ್ಧರಿಸಿದ್ದೇವೆ. ಮೇ ತಿಂಗಳಲ್ಲಿ ಮೂರು ವಾರ ನಾನೊಬ್ಬನೇ ಹೋಗಿ ತಂದೆಯವರನ್ನು ನೋಡಿ, ಫಿಸಿಯೋಥೆರಪಿಯ ಏರ್ಪಾಡು ಮಾಡಿ ಬರುತ್ತೇನೆ; ಸೆಪ್ಟೆಂಬರಿನಲ್ಲಿ ನಾಲ್ವರೂ ಹೊರಡುತ್ತೇವೆ. ಅತ್ತೆಯವರ ವೀಸಾ ಅರ್ಜಿಯನ್ನು ಇಂದು ರಾತ್ರಿಯೇ ತುಂಬುತ್ತಿದ್ದೇನೆ.