ಲೂಪ್ ಮುಗಿದ ಕೂಡಲೇ ಮೊತ್ತ ಸೊನ್ನೆ! (ಅಡಿಕೆ ತೂಕದ ಶೆಲ್ ಸ್ಕ್ರಿಪ್ಟ್)

ಬದಿಯಡ್ಕದ ಅಳಿಯ:
ಬದಿಯಡ್ಕದಲ್ಲಿ ಮಾವನ ಅಡಿಕೆ ಅಂಗಡಿ. ಹೊಸ ಅಡಿಕೆ, ಪಟೋರ, ಕರಿಗೋಟು ಎಲ್ಲ ತೂಗಿ ಒಂದು ಟೆಕ್ಸ್ಟ್ ಫೈಲಿಗೆ ಹಾಕುತ್ತೇವೆ. ಸಾಲಿಗೊಂದು ಗೋಣಿ, ಮೊದಲು ಬಗೆ, ಆಮೇಲೆ ಕಿಲೋ. ಸಂಜೆಗೆ ಕರಿಗೋಟಿನ ಒಟ್ಟು ತೂಕ ಬೇಕು. ಉಬುಂಟುವಿನಲ್ಲಿ ಬ್ಯಾಶ್ (ಆಜ್ಞೆಗಳನ್ನು ಓಡಿಸುವ ಶೆಲ್) ಸ್ಕ್ರಿಪ್ಟ್ ಬರೆದೆ. ಗ್ರೆಪ್‌ನಲ್ಲಿ ಕರಿಗೋಟಿನ ಸಾಲು ಹೆಕ್ಕಿ, ಅದನ್ನು ಮುಂದಕ್ಕೆ ದಾಟಿಸುವ ಪೈಪ್ ಹಾಕಿ, ಒಂದೊಂದೇ ಸಾಲು ಓದುವ ವೈಲ್ ರೀಡ್ ಲೂಪಿನಲ್ಲಿ 'ಒಟ್ಟು' ಅನ್ನುವ ವೇರಿಯೇಬಲ್‌ಗೆ ಕೂಡಿಸುತ್ತೇನೆ. ಒಳಗೆ ಎಕೋ ಮಾಡಿ ತೋರಿಸಿದರೆ ಮೊತ್ತ ಏರುತ್ತಾ ಹೋಗುತ್ತದೆ. ಲೂಪಿನ ಕೊನೆಯ 'ಡನ್' ದಾಟಿದ ಕೂಡಲೇ ಸೊನ್ನೆ. ಎಂತ ಇದು? ಫೋನಿನಿಂದ ಬರೆಯುತ್ತಿದ್ದೇನೆ, ಕೋಡ್ ಬಾಯಿಮಾತಿನಲ್ಲೇ.

ನೀರ್ಚಾಲು ಭಾವ:
ಒಟ್ಟು ಅನ್ನು ಎಕ್ಸ್‌ಪೋರ್ಟ್ ಮಾಡಿ ನೋಡಿ.

ಕುಂಬಳೆ ಟರ್ಮಿನಲ್:
ಅದರಿಂದ ಆಗಲಿಕ್ಕಿಲ್ಲ ಭಾವ. ಎಕ್ಸ್‌ಪೋರ್ಟ್ ಕೆಳಗಿನ ಪ್ರೋಸೆಸ್‌ಗೆ ಕೊಡುತ್ತದೆ ಅಷ್ಟೆ, ವಾಪಸ್ ತರುವುದಿಲ್ಲ.

ತಂಟೆ ಪೈಪಿನದ್ದು. ಬ್ಯಾಶ್ ಪೈಪಿನ ಒಂದೊಂದು ತುಂಡನ್ನೂ ಬೇರೆ ಸಬ್‌ಶೆಲ್‌ನಲ್ಲಿ, ಅಂದರೆ ಶೆಲ್‌ನ ನಕಲಿನಲ್ಲಿ ಓಡಿಸುತ್ತದೆ. ನೀವು ಕೂಡಿಸಿದ್ದು ಒಟ್ಟುವಿನ ನಕಲಿಗೆ. ಲೂಪ್ ಮುಗಿದಾಗ ಸಬ್‌ಶೆಲ್ ಜೊತೆ ನಕಲೂ ಹೋಯಿತು. ಹೊರಗಿನದ್ದನ್ನು ಯಾರೂ ಮುಟ್ಟಲೇ ಇಲ್ಲ. ಜೆಡ್ ಶೆಲ್ ಅನ್ನುವ ಇನ್ನೊಂದು ಶೆಲ್‌ನಲ್ಲಿ ಕೊನೆಯ ತುಂಡು ಈಗಿನ ಶೆಲ್‌ನಲ್ಲೇ ಓಡುವುದರಿಂದ ಇದೇ ಸ್ಕ್ರಿಪ್ಟ್ ಸರಿಯಾಗಿಯೇ ಕೂಡಿಸುತ್ತದೆ. ಅದಕ್ಕೇ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುವುದು.

ಗ್ರೆಪ್ ಮತ್ತು ಪೈಪ್ ಅನ್ನು ಮುಂದಿನಿಂದ ತೆಗೆದು, ಗ್ರೆಪ್ ಅನ್ನು ಕೊನೆಗೆ ಹಾಕಿ, ಆಗ ಲೂಪ್ ಈಗಿನ ಶೆಲ್‌ನಲ್ಲೇ ಓಡುತ್ತದೆ:

ಡನ್ < <(ಗ್ರೆಪ್ ಕರಿಗೋಟು ಫೈಲ್)

ಎರಡು < ನಡುವೆ ಜಾಗ ಬಿಡಲೇಬೇಕು, ಅಂಟಿಸಿದರೆ ಸಿಂಟ್ಯಾಕ್ಸ್ ಎರರ್. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಬ್ಯಾಶ್ ಅಂತಲೇ ಇರಲಿ. ಉಬುಂಟುವಿನಲ್ಲಿ 2006ರ 6.10ರಿಂದ ಎಸ್‌ಎಚ್ ಅಂದರೆ ಡ್ಯಾಶ್ ಅನ್ನುವ ಬೇರೆ ಶೆಲ್, ಅದಕ್ಕೆ ಈ ರೀತಿಯ ಬರಹ ಗೊತ್ತಿಲ್ಲ.

ಬದಿಯಡ್ಕದ ಅಳಿಯ:
ಸೊನ್ನೆ ಹೋಯಿತು! ಆದರೆ ಲೆಕ್ಕ ಈಗಲೂ ತಪ್ಪು ಮಾರಾಯ್ರೆ. ತಕ್ಕಡಿ ಮೂರಂಕಿಯಲ್ಲಿ ಬರೆಯುತ್ತದೆ. 064, 061 ಎರಡೇ ಗೋಣಿ ಇಟ್ಟು ನೋಡಿದೆ, 101 ಅನ್ನುತ್ತದೆ. 068 ಬಂದರೆ ಎರರ್. ಕ್ಯಾಲ್ಕುಲೇಟರ್ ಸಾಕಲ್ವಾ ಅಂತ ಮಾವನ ನಗೆ ಬೇರೆ.

ಕುಂಬಳೆ ಟರ್ಮಿನಲ್:
ಮುಂದಿನ ಸೊನ್ನೆಯನ್ನು ನೋಡಿ. ಬ್ಯಾಶ್ ಲೆಕ್ಕದಲ್ಲಿ ಸೊನ್ನೆಯಿಂದ ಶುರುವಾದ ಸಂಖ್ಯೆ ಆಕ್ಟಲ್, ಅಂದರೆ ಎಂಟರ ಲೆಕ್ಕ. 064 ಅಂದರೆ ಆರೆಂಟ್ಲಿ ನಲವತ್ತೆಂಟು, ಮತ್ತೆ ನಾಲ್ಕು, 52. 061 ಅಂದರೆ 49. ಕೂಡಿಸಿದರೆ ನಿಮ್ಮ 101. ಎಂಟರ ಲೆಕ್ಕದಲ್ಲಿ 8 ಅನ್ನುವ ಅಂಕಿಯೇ ಇಲ್ಲ, ಹಾಗಾಗಿ 068ಕ್ಕೆ ಎರರ್. ಎರರ್ ಬಂದದ್ದೇ ಒಳ್ಳೆಯದಾಯಿತು. ಸುಮ್ನೆ ತಪ್ಪು ಮೊತ್ತ ಕೊಡುವ 064 ಜಾಸ್ತಿ ಅಪಾಯ.

ಕೂಡಿಸುವಾಗ ತೂಕದ ಮುಂದೆ, ಎಡಕ್ಕೆ 10# (ಹತ್ತರ ಲೆಕ್ಕ ಅಂತ) ಹಾಕಿ, ಡಾಲರ್ ಚಿಹ್ನೆ ಬಿಡಬೇಡಿ: $((ಒಟ್ಟು + 10#$ತೂಕ)). ವೇರಿಯೇಬಲ್ ಹೆಸರುಗಳನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ.

ನೀರ್ಚಾಲು ಭಾವ:
64.5 ಬಂದರೆ?

ಕುಂಬಳೆ ಟರ್ಮಿನಲ್:
ಬ್ಯಾಶ್‌ಗೆ ದಶಮಾಂಶ ಬರುವುದಿಲ್ಲ. ನಾನಾದರೆ ಲೂಪನ್ನೇ ಬಿಟ್ಟು ಆಕ್ (ಸಾಲು ಸಾಲಾಗಿ ಓದಿ ಲೆಕ್ಕ ಮಾಡುವ ಆಜ್ಞೆ) ಹಿಡಿಯುತ್ತಿದ್ದೆ. ಅದು 064ನ್ನು 64 ಅಂತಲೇ ಓದುತ್ತದೆ, ಅರ್ಧ ಕಿಲೋವನ್ನೂ ಬಿಡುವುದಿಲ್ಲ.

ಬದಿಯಡ್ಕದ ಅಳಿಯ:
10# ಹಾಕಿದೆ, 125 ಬಂತು. ಆಕ್ ಆದರೆ ಪಟೋರ, ಕರಿಗೋಟು ಎಲ್ಲದರ ಮೊತ್ತ ಒಂದೇ ಸಲಕ್ಕೆ ಸಿಗುತ್ತದಾ?

ಕುಂಬಳೆ ಟರ್ಮಿನಲ್:
ಸಿಗುತ್ತದೆ. ಬಗೆಯ ಹೆಸರನ್ನೇ ಅರೇಯ (ಮೊತ್ತಗಳ ಪಟ್ಟಿಯ) ಕೀ ಮಾಡಿ, ಒಂದೊಂದು ಬಗೆಗೆ ಒಂದೊಂದು ಮೊತ್ತ. ಗ್ರೆಪ್ ಕೂಡ ಬೇಡ.