ಬಯಲಲ್ಲಿ ಮೇಯುವ ಕುರಿ ಹಿಂಡಿನ ಲಾಭಕ್ಕೆ ಯಾವ ಮಾಡೆಲ್? ಮಾಡಿದವರು ಹೇಳಿ

ಕೊಪ್ಪಳದ ಸಂಶೋಧಕಿ: 90 ಕೆಂಗುರಿ ಹಿಂಡುಗಳ ಒಂದು ವರ್ಷದ ಖರ್ಚು, ಆದಾಯ ಬರೆದುಕೊಂಡಿದ್ದೇನೆ. ಅದರಲ್ಲಿ 22 ಹಿಂಡು ಒಂದೇ ಹಟ್ಟಿಯವು. ಪಿಎಚ್‌ಡಿಗೆ ಸಾದಾ ರಿಗ್ರೆಷನ್ (ಯಾವ ಅಂಶಕ್ಕೆ ಲಾಭ ಸರಾಸರಿ ಎಷ್ಟು ಬದಲಾಗುತ್ತೆ ಅನ್ನೋ ಲೆಕ್ಕ) ಸಾಕಾ, ಫ್ರಂಟಿಯರ್ (ಸಿಗಬಹುದಾದ ಗರಿಷ್ಠ ಲಾಭಕ್ಕಿಂತ ಪ್ರತಿ ಹಿಂಡು ಎಷ್ಟು ಹಿಂದಿದೆ ಅಂತ ಅಳೆಯೋದು) ಮಾಡಲಾ?

ಸುಟ್ಟ ಬೆರಳು: ಫ್ರಂಟಿಯರ್ ಹೆಸರು ಎತ್ತಬೇಡಿ. 14 ತಿಂಗಳು ಹಾಳಾಯ್ತು ನನ್ನದು. ಅದಕ್ಕೆ ಉಳಿಕೆ (ನಿಜವಾದ ಲಾಭಕ್ಕೂ ಮಾಡೆಲ್ ಹೇಳಿದ್ದಕ್ಕೂ ಇರುವ ವ್ಯತ್ಯಾಸ) ಎಡಕ್ಕೆ ವಾಲಿರಬೇಕು, ಅಂದರೆ ತೀರಾ ಹಿಂದೆ ಬಿದ್ದವರ ಕಡೆ ಬಾಲ ಉದ್ದ ಇರಬೇಕು, ಅಲ್ವಾ? ನನ್ನದು ಬಲಕ್ಕೆ ವಾಲಿತ್ತು. ನಾಲ್ಕು ಜನ ಬಕ್ರೀದ್‌ವರೆಗೆ ಟಗರು ಹಿಡಿದಿಟ್ಟು ಭರ್ಜರಿ ರೇಟಿಗೆ ಮಾರಿದ್ದರು, ಅಷ್ಟೇ. ಸಾಫ್ಟ್‌ವೇರ್ 84 ಹಿಂಡೂ ನೂರಕ್ಕೆ ನೂರು ದಕ್ಷ ಅಂದುಬಿಟ್ಟಿತು! ನೀಲಿ ನಾಲಿಗೆ ರೋಗದಲ್ಲಿ ಅರ್ಧ ಹಿಂಡು ಕಳೆದುಕೊಂಡವನೂ ದಕ್ಷ. ಗೈಡ್ ಮಾತ್ರ 'ಡೇಟಾ ಸರಿ ಇಲ್ಲ' ಅಂದರು.

ಲಾಗ್ ಅಕ್ಕ: ನಾನು ಲಾಭದ ಲಾಗ್ ತೆಗೆದೆ. ಸೊನ್ನೆಗಿಂತ ಕಡಿಮೆ ಸಂಖ್ಯೆಗೆ ಲಾಗ್ (ಲಾಗರಿದಮ್) ಇಲ್ಲ, ನಷ್ಟದ 31 ಹಿಂಡಿಗೆ ಎಲ್ಲಿಂದ ತರೋದು? ಅವನ್ನು ಲೆಕ್ಕದಿಂದಲೇ ಬಿಟ್ಟೆ. ವೈವಾದಲ್ಲಿ ಒಬ್ಬರು, 'ಮುಳುಗಿದವರನ್ನು ಬಿಟ್ಟು ಈಜು ಕಲಿಸ್ತೀರಾ?' ಅಂದರು. ಒಂದು ಅಧ್ಯಾಯ ಪೂರ್ತಿ ಮತ್ತೆ ಬರೆದೆ. ಟೈಪಿಂಗ್, ಬೈಂಡಿಂಗ್‌ಗೇ 11,400 ರೂಪಾಯಿ. ಬಿಲ್ ಇನ್ನೂ ಇಟ್ಟುಕೊಂಡಿದ್ದೇನೆ.

ಹಟ್ಟಿ ಹುಡುಗ: ನಿಮ್ಮ ಮಾಡೆಲ್ ಇರಲಿ, ಡೇಟಾ ನಿಜಾನಾ? ನಮ್ಮಪ್ಪನ ಹತ್ತಿರ 140 ಕುರಿ. ಫಾರ್ಮ್ ಹಿಡಿದು ಬಂದವರಿಗೆ 90 ಅಂದ. ಎಣಿಸಿ ಹೇಳಿದರೆ ಹಿಂಡಿಗೆ ದೃಷ್ಟಿ ತಾಕುತ್ತದೆ ಅನ್ನೋದು ಅವನ ನಂಬಿಕೆ. ಗೊಬ್ಬರಕ್ಕೆ ಅಂತ ಹೊಲದಲ್ಲಿ ಕುರಿ ತರುಬಿದ್ದಕ್ಕೆ ರೈತರು ಕೊಟ್ಟ ಜೋಳವನ್ನು ಯಾರೂ ಬರೆದುಕೊಳ್ಳಲಿಲ್ಲ. ಎಳೆ ಮರಿ ನೋಡಿಕೊಳ್ಳುವ ಅವ್ವನ ಕೆಲಸಕ್ಕೆ ಸೊನ್ನೆ.

ಲೆಕ್ಕದ ಮೇಷ್ಟ್ರು: ಮನೆಯವರ ಕೂಲಿ ಸೇರಿಸಲೇಬೇಕಪ್ಪ. ಇಲ್ಲದಿದ್ದರೆ ಅದು ಅರ್ಥಶಾಸ್ತ್ರ ಅಲ್ಲ, ಜಾಹೀರಾತು. ನಾನು ದಿನಗೂಲಿ ಹಾಕಿದೆ, ನನ್ನ 60ರಲ್ಲಿ 52 ಹಿಂಡು ನಷ್ಟಕ್ಕೆ ಬಿದ್ದವು.

ಹಟ್ಟಿ ಹುಡುಗ: ನಷ್ಟ ಅಂತೀರಲ್ಲ ಸರ್, ಅದೇ ನಷ್ಟದಲ್ಲಿ ನನ್ನ ಬಿ.ಎಸ್ಸಿ ಮುಗೀತು. ರಾತ್ರಿ ತೋಳ ಕಾಯೋದಕ್ಕೆ ಎಷ್ಟು ಗಂಟೆ ಹಾಕಿದಿರಿ?

ಲೆಕ್ಕದ ಮೇಷ್ಟ್ರು: 8.

ಹಟ್ಟಿ ಹುಡುಗ: ತೋಳಕ್ಕೂ ಹೇಳಿ ಬಂದಿದ್ದಿರಾ?

ಸುಟ್ಟ ಬೆರಳು: ಮೇಷ್ಟ್ರೇ, ಕೂಲಿ ಹಾಕಿದರೆ ಹಿಂಡಿನ ಗಾತ್ರ, ಕೂಲಿ ಎರಡೂ ಒಟ್ಟಿಗೆ ಏರಿ ಗುಣಾಂಕ (ಯಾವುದರ ಪರಿಣಾಮ ಎಷ್ಟು ಅನ್ನುವ ಅಂಕಿ) ಕೆಡುತ್ತದೆ. ಅದನ್ನು ನೋಡಿದಿರಾ?

ಲೆಕ್ಕದ ಮೇಷ್ಟ್ರು: ನಿನ್ನ ಫ್ರಂಟಿಯರ್‌ಗಿಂತ ವಾಸಿ.

ಕೊಪ್ಪಳದ ಸಂಶೋಧಕಿ: ಎಲ್ಲರಿಗೂ ಥ್ಯಾಂಕ್ಸ್. ಆ 22 ಹಿಂಡಿಗೆ ಒಂದೇ ಮಳೆ, ಒಂದೇ ರೋಗ, ಒಂದೇ ದಲ್ಲಾಳಿ. ಬಿಡಿಬಿಡಿಯಾಗಿ ಎಣಿಸಬಹುದಾ? ಹಟ್ಟಿಗೆ ರ‍್ಯಾಂಡಮ್ ಎಫೆಕ್ಟ್ (ಒಂದು ಹಟ್ಟಿಯ ಹಿಂಡುಗಳಿಗೆಲ್ಲ ಸಮಾನವಾದ ಏರುಪೇರನ್ನು ಬೇರೆಯಾಗಿ ಲೆಕ್ಕ ಹಿಡಿಯೋದು) ಹಾಕಲಾ?

ಲಾಗ್ ಅಕ್ಕ: ಮೊದಲು ನಷ್ಟದವರನ್ನು ಬಿಡಬೇಡಮ್ಮ. 11,400 ನೆನಪಿರಲಿ.